ಸರ್ಕಾರಿ ಜಾಲತಾಣಗಳನ್ನು ಜನ ಬಳಸುವುದು, ಬಳಸದೆ ಬಿಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಭಿವೃದ್ಧಿಶೀಲ ದೇಶಗಳಲ್ಲಿ ಸರ್ಕಾರಗಳು ಜಾಲತಾಣ ಕಟ್ಟಿದ ವೇಗದಲ್ಲಿ ಜನ ಅವುಗಳನ್ನು ಬಳಸಲು ತೊಡಗಲಿಲ್ಲ. ಇದರ ಬಗ್ಗೆ ಇಲಾಖೆಗಳಲ್ಲಿ ದುಡಿಯುವವರು, ಸಂಶೋಧನಾ ವಿದ್ಯಾರ್ಥಿಗಳು ಮತ್ತು ಅರ್ಜಿ ಹಾಕಿ ಬೇಸತ್ತವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ, ಸಂಶೋಧನೆ ಮತ್ತು ನೀತಿಗೆ ಸಂಬಂಧಿಸಿದವು ಕೊನೆಯಲ್ಲಿವೆ.

## ಮೊದಲು ತಿಳಿಯಬೇಕಾದದ್ದು

ಜನ ಜಾಲತಾಣವನ್ನು "ಅಳವಡಿಸಿಕೊಂಡರು" ಎಂದರೆ ಏನರ್ಥ? ತೆರೆದು ನೋಡಿದರೆ ಸಾಕೇ?

ಸಾಲದು. ಕಚೇರಿಯ ವೇಳೆ ಯಾವುದೆಂದು ನೋಡುವುದು, ಅರ್ಜಿ ನಮೂನೆಯನ್ನು ಇಳಿಸಿಕೊಂಡು ಮುದ್ರಿಸುವುದು, ಅಲ್ಲಿಯೇ ಅರ್ಜಿ ತುಂಬಿ ಶುಲ್ಕ ಕಟ್ಟಿ ಪ್ರಮಾಣಪತ್ರ ಪಡೆಯುವುದು, ಇವು ಮೂರೂ ಬೇರೆ ಬೇರೆ ಬಗೆಯ ಬಳಕೆಗಳು. ಸರ್ಕಾರದ ಕಡೆಯಿಂದ ನೋಡುವಾಗ ಲೇನ್ ಮತ್ತು ಲೀ ಎಂಬ ಸಂಶೋಧಕರು 2001ರಲ್ಲಿ ಹೇಳಿದ ನಾಲ್ಕು ಹಂತಗಳನ್ನು ಇಂದಿಗೂ ಉಲ್ಲೇಖಿಸುತ್ತಾರೆ: ಮಾಹಿತಿಯ ಪಟ್ಟಿ, ವಹಿವಾಟು, ಒಂದೇ ಇಲಾಖೆಯ ಮೇಲಿನ ಮತ್ತು ಕೆಳಗಿನ ಹಂತಗಳ ಜೋಡಣೆ, ಕೊನೆಗೆ ಬೇರೆ ಬೇರೆ ಇಲಾಖೆಗಳ ಪರಸ್ಪರ ಜೋಡಣೆ. ಇವೆಲ್ಲ ಸರ್ಕಾರ ಎಷ್ಟು ಬೆಳೆದಿದೆ ಎಂಬುದನ್ನು ಹೇಳುತ್ತವೆ, ಜನ ಎಷ್ಟು ಜೊತೆಗೆ ಬಂದಿದ್ದಾರೆ ಎಂಬುದನ್ನಲ್ಲ. ನಾನು ಇಟ್ಟುಕೊಂಡಿರುವ ಅಳತೆ ಸರಳವಾದದ್ದು. ಒಮ್ಮೆ ಬಳಸಿದವರು ಮುಂದಿನ ಕೆಲಸಕ್ಕೆ ಯಾರ ಬಲವಂತವೂ ಇಲ್ಲದೆ ಮತ್ತೆ ಅಲ್ಲಿಗೇ ಬಂದರೆ, ಆಗ ಅದನ್ನು ಅಳವಡಿಕೆ ಎನ್ನಬಹುದು.

ಜಾಲತಾಣ ಇದ್ದರೂ ಜನ ಯಾಕೆ ಕಚೇರಿಗೇ ಬರುತ್ತಾರೆ? ಅವರಿಗೆ ಅರಿವು ಇಲ್ಲ ಅಂತ ಅಲ್ಲವೇ?

ಅರಿವಿನ ಕೊರತೆ ಎಂಬ ಉತ್ತರ ಇಲಾಖೆಗಳಿಗೆ ಹಿತವಾಗಿ ಕೇಳುತ್ತದೆ, ಏಕೆಂದರೆ ಅದರ ಪ್ರಕಾರ ತಪ್ಪು ಜನರದ್ದು, ಪರಿಹಾರ ಒಂದು ಪ್ರಚಾರ ಅಭಿಯಾನ. ಆದರೆ ಅರ್ಜಿದಾರರ ಜಾಗದಲ್ಲಿ ನಿಂತು ಲೆಕ್ಕ ಹಾಕಿ ನೋಡಿ. ಜಾಲತಾಣದಲ್ಲಿ ಅರ್ಜಿ ಸಲ್ಲಿಸಿದ ಮೇಲೆ ಅದರ ಮುದ್ರಿತ ಪ್ರತಿಯನ್ನು ಮೂಲ ದಾಖಲೆಗಳೊಂದಿಗೆ ಕಚೇರಿಗೆ ತಂದು ತೋರಿಸಬೇಕು ಎಂಬ ನಿಯಮ ಉಳಿದಿದ್ದರೆ, ಜಾಲತಾಣದಿಂದ ಅವರಿಗೆ ಒಂದು ಕೆಲಸ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಹೇಗೂ ಹೋಗಲೇಬೇಕಾದ ಕಚೇರಿಗೆ ನೇರವಾಗಿ ಹೋಗುವುದು ಅಜ್ಞಾನವಲ್ಲ, ವಿವೇಕ.

ಕಚೇರಿಯಲ್ಲಿ ಸಿಗುವ ಇನ್ನೂ ಎರಡು ವಸ್ತುಗಳನ್ನು ಜಾಲತಾಣ ಕೊಡುವುದು ಅಪರೂಪ. ಒಂದು, ಅರ್ಜಿಯಲ್ಲಿ ತಪ್ಪಿದ್ದರೆ ಗುಮಾಸ್ತರು ಅಲ್ಲಿಯೇ ಹೇಳುತ್ತಾರೆ. ಜಾಲತಾಣದಲ್ಲಾದರೆ ವಾರಗಳ ನಂತರ "ತಿರಸ್ಕೃತ" ಎಂಬ ಒಂದೇ ಪದ ಕಾಣುತ್ತದೆ, ಕಾರಣ ಇರುವುದಿಲ್ಲ. ಎರಡು, ಯಾರನ್ನು ಕೇಳಬೇಕು ಎಂಬುದು ಗೊತ್ತಿರುತ್ತದೆ. ಹೆಸರು ಮತ್ತು ಮುಖ ಇರುವ ಒಬ್ಬ ಮನುಷ್ಯನ ಕೈಯಲ್ಲಿ ಕಡತ ಇದೆ ಎಂಬ ಭರವಸೆಯನ್ನು ಒಂದು ಅರ್ಜಿ ಸಂಖ್ಯೆ ತುಂಬಿಕೊಡುವುದು ಕಷ್ಟ.

ಇಂಟರ್ನೆಟ್ ಇಲ್ಲದಿರುವುದೇ ಮುಖ್ಯ ಕಾರಣ ತಾನೇ?

ಒಂದು ಕಾಲಕ್ಕೆ ಹೌದು, ಈಗ ಭಾಗಶಃ ಮಾತ್ರ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 260 ಕೋಟಿ ಜನ ಇಂಟರ್ನೆಟ್ ಬಳಸುತ್ತಿರಲಿಲ್ಲ. ಕಡಿಮೆ ಆದಾಯದ ದೇಶಗಳಲ್ಲಿ ಬಳಸುವವರು ಶೇ. 27ರಷ್ಟು ಮಾತ್ರ. ಆದರೆ ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್‌ಎಂಎ ಅದೇ ವರ್ಷ ಕೊಟ್ಟ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದರ ಪ್ರಕಾರ ಮೊಬೈಲ್ ಇಂಟರ್ನೆಟ್ ಸಿಗ್ನಲ್ಲೇ ತಲುಪದ ಜನ ಜಗತ್ತಿನ ಶೇ. 4ರಷ್ಟು, ಸಿಗ್ನಲ್ ಇದ್ದೂ ಬಳಸದವರು ಶೇ. 39ರಷ್ಟು. ಗೋಪುರ ನೆಟ್ಟ ಮಾತ್ರಕ್ಕೆ ಬಳಕೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಅಂಕಿ ಬೇಕಿಲ್ಲ. ಫೋನಿನ ಬೆಲೆ, ಡೇಟಾದ ಖರ್ಚು, ಓದು ಬರಹ, ಭಯ, ಇಷ್ಟು ಮಾಡಿ ಏನು ಲಾಭ ಎಂಬ ಸಂದೇಹ, ಇವೆಲ್ಲ ಆ ನಡುವಿನ ಜಾಗದಲ್ಲಿವೆ.

ದಿನವಿಡೀ ಫೋನ್ ಹಿಡಿದಿರುವವರೂ ಸರ್ಕಾರಿ ಅರ್ಜಿಯನ್ನು ಅರ್ಧಕ್ಕೇ ಬಿಡುತ್ತಾರಲ್ಲ, ಏಕೆ?

ಸಂದೇಶ ಕಳಿಸುವುದು, ವಿಡಿಯೊ ನೋಡುವುದು ಒಂದು ಬಗೆಯ ಕೌಶಲ. ಹತ್ತು ಪುಟಗಳ ಅರ್ಜಿಯನ್ನು ತಪ್ಪಿಲ್ಲದೆ ತುಂಬುವುದು ಇನ್ನೊಂದು ಬಗೆಯದು. ಸಂಪರ್ಕ ಇರುವವರು ಮತ್ತು ಇಲ್ಲದವರ ನಡುವಿನ ಕಂದಕದ ಆಚೆಗೆ, ಸಂಪರ್ಕ ಇರುವವರಲ್ಲೇ ಬಳಸುವ ಸಾಮರ್ಥ್ಯದ ಇನ್ನೊಂದು ಕಂದಕವಿದೆ ಎಂಬುದನ್ನು ಸಂಶೋಧಕಿ ಎಸ್ತರ್ ಹರ್ಗಿಟಾಯ್ 2002ರಲ್ಲಿಯೇ ಎರಡನೆಯ ಹಂತದ ಡಿಜಿಟಲ್ ಕಂದಕ ಎಂದು ಗುರುತಿಸಿದರು.

ಆದರೂ ಎಲ್ಲ ಹೊರೆಯನ್ನೂ ಕೌಶಲದ ಮೇಲೆ ಹಾಕುವುದು ನ್ಯಾಯವಲ್ಲ, ಏಕೆಂದರೆ ಅರ್ಜಿಯ ಪುಟಗಳೇ ಜನರನ್ನು ಹೊರಗೆ ತಳ್ಳುತ್ತವೆ. ಬಹಳಷ್ಟು ಪುಟಗಳನ್ನು ಕಂಪ್ಯೂಟರಿನ ದೊಡ್ಡ ಪರದೆಗೆಂದು ರೂಪಿಸಲಾಗಿರುತ್ತದೆ, ಬಳಸುವವರ ಕೈಯಲ್ಲಿರುವುದು ಅಂಗೈಯಗಲದ ಫೋನು. ಭಾವಚಿತ್ರ ಇಷ್ಟು ಕೆಬಿ ಮೀರಬಾರದು, ದಾಖಲೆ ಪಿಡಿಎಫ್ ರೂಪದಲ್ಲೇ ಇರಬೇಕು ಎಂಬ ನಿಯಮವಿರುತ್ತದೆ. ಫೋನಿನಲ್ಲಿ ತೆಗೆದ ಚಿತ್ರ ಅದರ ಎಷ್ಟೋ ಪಟ್ಟು ದೊಡ್ಡದಿರುತ್ತದೆ, ಅದನ್ನು ಕಿರಿದು ಮಾಡುವ ಕೆಲಸವನ್ನು ಸರ್ವರ್ ತಾನೇ ಮಾಡಿಕೊಳ್ಳಬಹುದಾಗಿದ್ದರೂ ಅರ್ಜಿದಾರರ ತಲೆಗೆ ಕಟ್ಟಲಾಗುತ್ತದೆ. ಕುಲನಾಮವೇ ಇಲ್ಲದವರಿಗೆ ಕುಲನಾಮದ ಖಾನೆ ಕಡ್ಡಾಯ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ದಿನಾಂಕ ಕಡ್ಡಾಯ. ಒಂದು ದಾಖಲೆಯಲ್ಲಿ ಹೆಸರಿನ ಅಕ್ಷರ ಒಂದು ರೀತಿ, ಇನ್ನೊಂದರಲ್ಲಿ ಮತ್ತೊಂದು ರೀತಿ ಇದ್ದರೆ ಯಂತ್ರ ಅವರನ್ನು ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂದು ತಿಳಿಯುತ್ತದೆ. ಒಟಿಪಿ ಹೋಗುವುದು ವರ್ಷಗಳ ಹಿಂದೆ ಬಿಟ್ಟುಬಿಟ್ಟ ಹಳೆಯ ಸಂಖ್ಯೆಗೆ. ಇವೆಲ್ಲ ದಾಟಿ ಕೊನೆಯ ಪುಟ ತಲುಪುವಷ್ಟರಲ್ಲಿ ಲಾಗಿನ್ ಅವಧಿ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಗಿ, ಮೊದಲ ಪುಟ ಮತ್ತೆ ಎದುರಿಗೆ ಬರುತ್ತದೆ. ತುಂಬಿದಷ್ಟನ್ನು ಉಳಿಸಿಟ್ಟು ಮರುದಿನ ಮುಂದುವರಿಸುವ ಅನುಕೂಲ ಕೊಟ್ಟರೆ ಎಷ್ಟೋ ಅರ್ಜಿಗಳು ಪೂರ್ಣಗೊಳ್ಳುತ್ತವೆ, ಇದು ದುಬಾರಿ ತಂತ್ರಜ್ಞಾನವೂ ಅಲ್ಲ.

ನಮ್ಮ ಭಾಷೆಯಲ್ಲೇ ಜಾಲತಾಣ ಇದೆ. ಓದಿದರೂ ಅರ್ಥ ಆಗುವುದಿಲ್ಲ. ಇದು ನನ್ನ ಕೊರತೆಯೇ?

ಅಲ್ಲ. ಸ್ಥಳೀಯ ಭಾಷೆಯ ಪುಟ ಎಂದು ಕರೆಯುವುದರಲ್ಲಿ ಹೆಚ್ಚಿನವು ಬೇರೊಂದು ಭಾಷೆಯಲ್ಲಿ ಬರೆದ ಆಡಳಿತದ ಮಾತನ್ನು ಪದಕ್ಕೆ ಪದ ಇಟ್ಟು ಹೊರಳಿಸಿದವು. ಮನೆಯಲ್ಲಿ, ಸಂತೆಯಲ್ಲಿ, ಕಚೇರಿಯ ಕಿಟಕಿಯ ಮುಂದೆ ಜನ ಆಡುವ ಪದ ಒಂದು, ಪುಟದಲ್ಲಿರುವ ಪದ ಇನ್ನೊಂದು. ಮೊದಲ ಪುಟ ಮಾತ್ರ ನಮ್ಮ ಭಾಷೆಯಲ್ಲಿದ್ದು, ಅರ್ಜಿಯ ಖಾನೆಗಳು ಮತ್ತು ದೋಷದ ಸೂಚನೆಗಳು ಬೇರೆ ಭಾಷೆಯಲ್ಲಿಯೇ ಉಳಿದಿರುವುದೂ ಉಂಟು. ದೋಷ ಬಂದಾಗಲೇ ಮನುಷ್ಯನಿಗೆ ಸ್ವಂತ ಭಾಷೆ ಅತ್ಯಂತ ಹೆಚ್ಚು ಬೇಕಾಗುತ್ತದೆ, ಆದ್ದರಿಂದ ಅನುವಾದವನ್ನು ಅಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅರ್ಜಿಯ ಹೆಸರನ್ನು ಇಡುವ ಮೊದಲು, ಅದನ್ನು ಕೇಳಿಕೊಂಡು ಬರುವವರು ಕೌಂಟರಿನಲ್ಲಿ ಅದನ್ನು ಏನೆಂದು ಕರೆಯುತ್ತಾರೆ ಎಂದು ಒಂದು ವಾರ ಬರೆದಿಟ್ಟುಕೊಂಡರೆ ಸರಿಯಾದ ಪದ ತಾನಾಗಿ ಸಿಗುತ್ತದೆ.

## ನಂಬಿಕೆ ಮತ್ತು ನೆರವು

ಹಣ ಕಟ್ ಆಯಿತು, ರಸೀದಿ ಬರಲಿಲ್ಲ. ಇಂಥದ್ದನ್ನು ಹೇಗೆ ನಂಬುವುದು?

ಹೆಚ್ಚಿನ ಸಲ ಇಲ್ಲಿ ನಡೆದಿರುವುದು ವಂಚನೆಯಲ್ಲ. ನಿಮ್ಮ ಬ್ಯಾಂಕು, ನಡುವಿನ ಪಾವತಿ ಸಂಸ್ಥೆ ಮತ್ತು ಇಲಾಖೆಯ ಸರ್ವರ್, ಈ ಮೂರರ ನಡುವೆ "ಹಣ ಬಂದಿದೆ" ಎಂಬ ಸಂದೇಶ ಸಾಗಬೇಕು. ಬ್ಯಾಂಕು ಹಣ ತೆಗೆದ ಮೇಲೆ ಸಂಪರ್ಕ ಕಡಿದುಹೋದರೆ ಇಲಾಖೆಗೆ ವಿಷಯ ತಿಳಿಯುವುದೇ ಇಲ್ಲ. ನಂತರ ಎರಡೂ ಕಡೆಯ ಲೆಕ್ಕ ತಾಳೆ ನೋಡುವಾಗ ಹಣ ಅರ್ಜಿಗೆ ಸೇರುತ್ತದೆ ಅಥವಾ ಖಾತೆಗೆ ಮರಳುತ್ತದೆ. ಇಂಥ ಹೊತ್ತಿನಲ್ಲಿ ಮತ್ತೊಮ್ಮೆ ಹಣ ಕಟ್ಟದೆ, ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಕಾಯುವುದು ಸರಿ. ಆದರೆ ಈ ಮಾತನ್ನು ಪಾವತಿಯ ಪುಟವೇ ಹೇಳಬೇಕಿತ್ತು. ಅದು ಮೌನವಾಗಿದ್ದಾಗ ಅರ್ಜಿದಾರರಿಗೆ ಕಾಣುವುದು ಹೋದ ಹಣ ಮಾತ್ರ.

ಲೆಮುರಿಯಾ ಕಾರ್ಟರ್ ಮತ್ತು ಫ್ರಾನ್ಸ್ ಬೆಲಾಂಜೆ 2005ರಲ್ಲಿ ಪ್ರಕಟಿಸಿದ ಅಧ್ಯಯನ ನಂಬಿಕೆಯನ್ನು ಎರಡಾಗಿ ಬಿಡಿಸುತ್ತದೆ: ಇಂಟರ್ನೆಟ್ ಎಂಬ ಮಾಧ್ಯಮದ ಮೇಲಿನ ನಂಬಿಕೆ, ಸರ್ಕಾರದ ಮೇಲಿನ ನಂಬಿಕೆ. ಫೋನಿನಲ್ಲಿ ಧೈರ್ಯವಾಗಿ ಹಣ ಕಳಿಸುವವರೂ ಸರ್ಕಾರಿ ಪೋರ್ಟಲಿನಲ್ಲಿ ಹಿಂಜರಿಯುವುದಕ್ಕೆ ಇದು ವಿವರಣೆ ಕೊಡುತ್ತದೆ. ಒಂದರ ಮೇಲಿನ ಭರವಸೆ ಇನ್ನೊಂದಕ್ಕೆ ತಾನಾಗಿ ವರ್ಗವಾಗುವುದಿಲ್ಲ. ಸೇವೆಗಳೆಲ್ಲ ಒಂದೇ ಬಾಗಿಲಿಗೆ ಬಂದಷ್ಟೂ ಆ ಬಾಗಿಲು ಮುಚ್ಚಿದಾಗಿನ ನಷ್ಟವೂ ದೊಡ್ಡದಾಗುತ್ತದೆ. ಕೀನ್ಯಾದ ಇ-ಸಿಟಿಜನ್ ಪೋರ್ಟಲ್ 2023ರ ಜುಲೈನಲ್ಲಿ ಸೈಬರ್ ದಾಳಿಗೆ ಸಿಕ್ಕಾಗ ನೂರಾರು ಸರ್ಕಾರಿ ಸೇವೆಗಳಿಗೆ ಏಕಕಾಲಕ್ಕೆ ಅಡಚಣೆಯಾಯಿತು.

ನಕಲಿ ಸರ್ಕಾರಿ ತಾಣವನ್ನು ಗುರುತಿಸುವುದು ಹೇಗೆ?

ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಗುರುತನ್ನು ನಂಬಬೇಡಿ. ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಅದು ಹೇಳುತ್ತದೆ, ತಾಣ ಯಾರದ್ದೆಂದು ಹೇಳುವುದಿಲ್ಲ. ನಕಲಿ ತಾಣಗಳಿಗೂ ಅದು ಸಿಗುತ್ತದೆ. ಬಹುತೇಕ ದೇಶಗಳು ಸರ್ಕಾರಿ ತಾಣಗಳಿಗೆಂದೇ ವಿಳಾಸದ ಒಂದು ಅಂತ್ಯವನ್ನು ಮೀಸಲಿಟ್ಟಿವೆ, ಅದನ್ನು ಅಕ್ಷರ ಅಕ್ಷರವಾಗಿ ನೋಡಿ. ಹುಡುಕಾಟದ ಫಲಿತಾಂಶದಲ್ಲಿ ಮೇಲುಗಡೆ ಬರುವುದು ಜಾಹೀರಾತೂ ಆಗಿರಬಹುದು. ಇಲಾಖೆಗಳು ಖಾಸಗಿ ಹೆಸರಿನ ವಿಳಾಸಗಳಲ್ಲಿ ಸೇವೆ ನಡೆಸುವುದನ್ನು ನಿಲ್ಲಿಸದಿದ್ದರೆ, ಜನ ಎಷ್ಟೇ ಎಚ್ಚರವಾಗಿದ್ದರೂ ಮೋಸ ಹೋಗುತ್ತಾರೆ.

ದಲ್ಲಾಳಿಗಳನ್ನು ತಪ್ಪಿಸಲು ಜಾಲತಾಣ ತಂದರು. ಈಗ ಸೈಬರ್ ಅಂಗಡಿಯವರೇ ದಲ್ಲಾಳಿಗಳಾದರಲ್ಲ?

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಳೆಯ ದಲ್ಲಾಳಿ ಮಾರುತ್ತಿದ್ದದ್ದು ಅಧಿಕಾರಿಯ ಬಳಿಯ ಪ್ರಭಾವವನ್ನು. ಅರ್ಜಿ ತುಂಬಿಕೊಡುವವರು ಮಾರುವುದು ತಮ್ಮ ಶ್ರಮ ಮತ್ತು ತಿಳಿವಳಿಕೆಯನ್ನು. ಅದಕ್ಕೆ ಕೂಲಿ ಪಡೆಯುವುದರಲ್ಲಿ ತಪ್ಪಿಲ್ಲ. ಅಭಿವೃದ್ಧಿಶೀಲ ದೇಶಗಳಲ್ಲಿ ಸರ್ಕಾರಿ ಜಾಲತಾಣವನ್ನು ಬಹಳ ಮಂದಿ ಬಳಸುವುದು ಇನ್ನೊಬ್ಬರ ಕೈಯ ಮೂಲಕವೇ ಎಂಬುದನ್ನು ಒಪ್ಪಿಕೊಂಡ ಸರ್ಕಾರಗಳು ಅದನ್ನೇ ವ್ಯವಸ್ಥೆಯ ಭಾಗವಾಗಿಸಿಕೊಂಡಿವೆ. ಬಾಂಗ್ಲಾದೇಶ 2010ರಲ್ಲಿ ಸುಮಾರು 4,500 ಯೂನಿಯನ್‌ಗಳಲ್ಲಿ, ಎಂದರೆ ಗ್ರಾಮಾಂತರ ಆಡಳಿತದ ಅತ್ಯಂತ ಕೆಳಗಿನ ಘಟಕದಲ್ಲಿ, ಸೇವಾ ಕೇಂದ್ರಗಳನ್ನು ತೆರೆಯಿತು. ರುವಾಂಡಾ 2015ರಲ್ಲಿ ಆರಂಭಿಸಿದ ಇರೆಂಬೊ ಪೋರ್ಟಲಿಗೆ ಊರೂರುಗಳಲ್ಲಿ ಏಜೆಂಟರಿದ್ದಾರೆ.

ಅಪಾಯ ಇರುವುದು ಬೇರೆ ಕಡೆ. ನೆರವು ಕೊಡುವವರು ಎಲ್ಲ ಅರ್ಜಿದಾರರಿಗೂ ತಮ್ಮದೇ ಫೋನ್ ಸಂಖ್ಯೆ ಹಾಕಿದರೆ, ಅರ್ಜಿಯ ಸ್ಥಿತಿಗತಿ ತಿಳಿಯುವುದು ಅವರಿಗೆ ಮಾತ್ರ. ಗುಪ್ತಪದವೂ ದಾಖಲೆಗಳ ಪ್ರತಿಗಳೂ ಅವರ ಯಂತ್ರದಲ್ಲೇ ಉಳಿಯುತ್ತವೆ. ಹೀಗೆ ಅರ್ಜಿದಾರರ ಮರೆಯಲ್ಲಿ ನಡೆಯುವ ಬಳಕೆಯನ್ನು ತಡೆಯಲು, ನೆರವು ಕೊಡುವವರಿಗೆ ಪ್ರತ್ಯೇಕ ಲಾಗಿನ್ ಕೊಟ್ಟು, ದರಪಟ್ಟಿಯನ್ನು ಗೋಡೆಯ ಮೇಲೆ ಹಾಕಿಸಿ, ಸಂದೇಶ ಮಾತ್ರ ಅರ್ಜಿದಾರರ ಸಂಖ್ಯೆಗೇ ಹೋಗುವಂತೆ ಮಾಡಬಹುದು.

ಹೆಂಗಸರು, ವಯಸ್ಸಾದವರು, ಕಣ್ಣು ಕಾಣದವರು ಏನು ಮಾಡಬೇಕು?

ಒಂದೇ ಫೋನನ್ನು ಇಡೀ ಮನೆ ಹಂಚಿಕೊಳ್ಳುವ ಕಡೆ, ಹೆಂಗಸಿನ ಹೆಸರಿನಲ್ಲಿ ಬರುವ ಒಟಿಪಿ ಗಂಡನ ಅಥವಾ ಮಗನ ಜೇಬಿಗೆ ಬರುತ್ತದೆ. ಸಹಾಯಧನ, ವಿಚ್ಛೇದನ, ದೌರ್ಜನ್ಯದ ದೂರು ಇಂಥ ವಿಷಯಗಳಲ್ಲಿ ಇದು ಬರಿಯ ಅನನುಕೂಲವಲ್ಲ, ಅಪಾಯ. ಬಾಂಗ್ಲಾದೇಶದ ಕೇಂದ್ರಗಳಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ ಇರಬೇಕೆಂಬ ಏರ್ಪಾಡು ಮಾಡಿದ್ದರ ಹಿಂದೆ ಇಂಥದೇ ತಿಳಿವಳಿಕೆ ಇದೆ. ಕಣ್ಣು ಕಾಣದವರ ಫೋನು ಪುಟವನ್ನು ಓದಿ ಹೇಳುತ್ತದೆ, ಆದರೆ ಚಿತ್ರದೊಳಗೆ ಅಚ್ಚಾದ ಸೂಚನೆಯನ್ನು ಅದು ಎಷ್ಟೋ ಸಲ ಓದಲಾರದು, ಚಿತ್ರದ ಕ್ಯಾಪ್ಚಾ, ಎಂದರೆ ಯಂತ್ರವಲ್ಲ ಮನುಷ್ಯ ಎಂದು ತೋರಿಸಲು ಚಿತ್ರದಲ್ಲಿರುವುದನ್ನು ಗುರುತಿಸಬೇಕಾದ ಪರೀಕ್ಷೆ, ಅವರಿಗೆ ಮುಚ್ಚಿದ ಬಾಗಿಲು. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಲು ಏನು ಮಾಡಬೇಕೆಂಬ ಅಂತಾರಾಷ್ಟ್ರೀಯ ಮಾರ್ಗಸೂಚಿ 1999ರಿಂದಲೇ ಇದೆ. ಅದನ್ನು ಗುತ್ತಿಗೆಯ ಕರಾರಿನಲ್ಲಿ ಬರೆದು, ಕೆಲಸ ಒಪ್ಪಿಸಿಕೊಳ್ಳುವಾಗ ಪರೀಕ್ಷಿಸದಿದ್ದರೆ ಯಾರೂ ಪಾಲಿಸುವುದಿಲ್ಲ.

## ಸಂಶೋಧನೆ ಮತ್ತು ನೀತಿಯ ಪ್ರಶ್ನೆಗಳು

ಇದರ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಯಾವ ಮಾದರಿ ಹಿಡಿಯಲಿ?

ಹೆಚ್ಚು ಬಳಕೆಯಲ್ಲಿರುವುದು ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ತಂತ್ರಜ್ಞಾನ ಸ್ವೀಕಾರ ಮಾದರಿ. ಉಪಯುಕ್ತ ಎಂದು ಅನಿಸುವುದು ಮತ್ತು ಸುಲಭ ಎಂದು ಅನಿಸುವುದು, ಈ ಎರಡರಿಂದ ಬಳಕೆ ನಿರ್ಧಾರವಾಗುತ್ತದೆ ಎಂಬುದು ಅದರ ತಿರುಳು. ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು 2003ರಲ್ಲಿ ಎಂಟು ಮಾದರಿಗಳನ್ನು ಕೂಡಿಸಿ, ಇವುಗಳ ಜೊತೆಗೆ ಸುತ್ತಲಿನವರ ಪ್ರಭಾವ ಮತ್ತು ಅನುಕೂಲ ಪರಿಸ್ಥಿತಿಗಳನ್ನೂ ಸೇರಿಸಿದರು. ಅಭಿವೃದ್ಧಿಶೀಲ ದೇಶದ ಅಧ್ಯಯನಕ್ಕೆ ಈ ಎರಡನೆಯದು ಹೆಚ್ಚು ಒದಗುತ್ತದೆ, ಏಕೆಂದರೆ ಕರೆಂಟು, ಸಾಧನ, ಕೇಳಿದರೆ ಹೇಳಿಕೊಡುವ ಜನ, ಇವೆಲ್ಲ ಅನುಕೂಲ ಪರಿಸ್ಥಿತಿ ಎಂಬ ತಲೆಬರಹದಡಿ ಬರುತ್ತವೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಈ ಮಾದರಿಗಳು ಹುಟ್ಟಿದ್ದು ಸಂಸ್ಥೆಗಳ ನೌಕರರು ತಂತ್ರಾಂಶವನ್ನು ದಿನವೂ ಬಳಸುವ ಪರಿಸರದಲ್ಲಿ. ನಾಗರಿಕರು ಒಂದು ಸೇವೆಯನ್ನು ಕೆಲವು ವರ್ಷಗಳಿಗೊಮ್ಮೆ ಬಳಸುತ್ತಾರೆ, ರೂಢಿಯಾಗಲು ಅವಕಾಶವೇ ಇಲ್ಲ. ಬೇಡವೆಂದು ಬೇರೊಂದು ಸರ್ಕಾರದ ಬಳಿ ಹೋಗಲೂ ಆಗುವುದಿಲ್ಲ. ಜೊತೆಗೆ "ಬಳಸುವವರು" ಎಂದರೆ ಯಾರು ಎಂಬ ಪ್ರಶ್ನೆಯೂ ಇದೆ: ಕೀಲಿ ಒತ್ತಿದವರೇ, ಹೆಸರು ಇರುವವರೇ? ಈ ಮೂರು ವ್ಯತ್ಯಾಸಗಳನ್ನು ಗಮನಿಸಿದ ಪ್ರಬಂಧ, ಹಳೆಯ ಪ್ರಶ್ನಾವಳಿಯನ್ನೇ ಇನ್ನೊಂದು ದೇಶದಲ್ಲಿ ಹಂಚಿದ ಪ್ರಬಂಧಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ.

ಸಮೀಕ್ಷೆಯಲ್ಲಿ ಎಲ್ಲರೂ ಬಳಸುತ್ತೇವೆ ಅನ್ನುತ್ತಾರೆ, ಆಮೇಲೆ ಬಳಸುವುದಿಲ್ಲ. ಯಾವುದನ್ನು ನಂಬಲಿ?

ಸಮೀಕ್ಷೆ ಅಳೆಯುವುದು ಉದ್ದೇಶವನ್ನು, ಬಳಕೆಯನ್ನಲ್ಲ. ಅಂಥ ಎಷ್ಟೋ ಅಧ್ಯಯನಗಳು ಕೈಗೆ ಸುಲಭವಾಗಿ ಸಿಗುವ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ಮುಗಿಸಿವೆ. ಪಿಂಚಣಿಗೆ ಅರ್ಜಿ ಹಾಕುವವರು ಅವರಲ್ಲ. ಸಾಧ್ಯವಿದ್ದರೆ ಇಲಾಖೆಯಿಂದ ಸರ್ವರಿನ ದಾಖಲೆ ಕೇಳಿ ಪಡೆಯಿರಿ: ಅರ್ಜಿ ಆರಂಭಿಸಿದವರು ಎಷ್ಟು, ಯಾವ ಪುಟದಲ್ಲಿ ಎಷ್ಟು ಮಂದಿ ಕಳಚಿಕೊಂಡರು, ಕೊನೆಗೆ ಆದೇಶ ಪಡೆದವರು ಎಷ್ಟು. ಈ ಮೂರು ಅಂಕಿಗಳು ಒಂದು ಸಾವಿರ ಪ್ರಶ್ನಾವಳಿಗಳಿಗಿಂತ ಸತ್ಯಕ್ಕೆ ಹತ್ತಿರ.

ವಿಶ್ವಸಂಸ್ಥೆಯ ಪಟ್ಟಿಯಲ್ಲಿ ನಮ್ಮ ದೇಶ ಮೇಲೇರಿದೆ. ಜನ ಬಳಸುತ್ತಿದ್ದಾರೆ ಎಂದು ತಾನೇ ಇದರರ್ಥ?

ಹಾಗೆ ಓದಬಾರದು. ವಿಶ್ವಸಂಸ್ಥೆ 2001ರಿಂದ ನಡೆಸುತ್ತಾ ಬಂದಿರುವ, ಈಗ ಎರಡು ವರ್ಷಕ್ಕೊಮ್ಮೆ 193 ಸದಸ್ಯ ರಾಷ್ಟ್ರಗಳನ್ನು ಒಳಗೊಂಡು ಪ್ರಕಟವಾಗುವ ಈ ಇ-ಆಡಳಿತ ಅಭಿವೃದ್ಧಿ ಸೂಚ್ಯಂಕದಲ್ಲಿ ಮೂರು ಭಾಗಗಳಿವೆ: ಆನ್‌ಲೈನ್ ಸೇವೆಗಳು, ದೂರಸಂಪರ್ಕ ಸೌಕರ್ಯ, ಮಾನವ ಸಂಪನ್ಮೂಲ. ಇವು ಸರ್ಕಾರ ಏನನ್ನು ಒದಗಿಸಿದೆ ಮತ್ತು ದೇಶ ಎಷ್ಟು ಸಿದ್ಧವಾಗಿದೆ ಎಂಬುದರ ಅಳತೆಗಳು. ಅರ್ಜಿಗಳು ಎಷ್ಟು ಬಂದವು, ಎಷ್ಟು ಇತ್ಯರ್ಥವಾದವು ಎಂಬ ಲೆಕ್ಕ ಈ ಅಂಕದಲ್ಲಿ ಸೇರುವುದಿಲ್ಲ.

ಇಷ್ಟು ಹಣ ಸುರಿದರೂ ಯೋಜನೆಗಳು ಸೋಲುವುದೇಕೆ?

ಸಂಶೋಧಕ ರಿಚರ್ಡ್ ಹೀಕ್ಸ್ 2003ರಲ್ಲಿ ಕೊಟ್ಟ ಅಂದಾಜು ಇಂದಿಗೂ ಕಣ್ಣು ತೆರೆಸುವಂಥದ್ದು: ಅಭಿವೃದ್ಧಿಶೀಲ ದೇಶಗಳ ಇ-ಆಡಳಿತ ಯೋಜನೆಗಳಲ್ಲಿ ಶೇ. 35 ಪೂರ್ತಿ ವಿಫಲ, ಶೇ. 50 ಭಾಗಶಃ ವಿಫಲ, ಸಫಲವಾದವು ಶೇ. 15. ಅದು ಎರಡು ದಶಕಗಳ ಹಿಂದಿನ ಚಿತ್ರ, ಇಂದಿನ ಅಂಕಿಯೆಂದು ಹೇಳಲಾಗದು. ಆದರೆ ಅವರು ಕೊಟ್ಟ ಕಾರಣ ಹಳತಾಗಿಲ್ಲ. ಯೋಜನೆ ರೂಪಿಸುವವರ ಮನಸ್ಸಿನಲ್ಲಿರುವ ಕಚೇರಿಗೂ ನಿಜವಾದ ಕಚೇರಿಗೂ ನಡುವೆ ಇರುವ ಅಂತರ ಹೆಚ್ಚಿದಷ್ಟೂ ಸೋಲಿನ ಸಾಧ್ಯತೆ ಹೆಚ್ಚು. ಸಿರಿವಂತ ದೇಶವೊಂದರ ಪದ್ಧತಿಯನ್ನು ಎತ್ತಿ ತಂದು ಇಟ್ಟಾಗ, ಎಲ್ಲ ಸಿಬ್ಬಂದಿಗೂ ಕಂಪ್ಯೂಟರ್ ಇದೆ, ಹಳೆಯ ದಾಖಲೆಗಳೆಲ್ಲ ಸರಿಯಾಗಿವೆ, ಕಾನೂನು ಡಿಜಿಟಲ್ ಸಹಿಯನ್ನು ಒಪ್ಪುತ್ತದೆ ಎಂಬ ಊಹೆಗಳೂ ಅದರೊಂದಿಗೇ ಬರುತ್ತವೆ. ಇದರ ಫಲವಾಗಿ ಜಾಲತಾಣದಲ್ಲಿ ಬಂದ ಅರ್ಜಿಯನ್ನು ಗುಮಾಸ್ತರು ಮುದ್ರಿಸಿ, ಕಡತಕ್ಕೆ ಸೇರಿಸಿ, ಹಳೆಯ ದಾರಿಯಲ್ಲೇ ಮೇಜಿನಿಂದ ಮೇಜಿಗೆ ಕಳಿಸುತ್ತಾರೆ. ಹೊರಗಿನ ಬಾಗಿಲು ಹೊಸದು, ಒಳಗಿನ ಮನೆ ಹಳೆಯದು. ಜನ ಗುರುತಿಸುವುದು ಒಳಗಿನ ಮನೆಯನ್ನೇ.

ಕೌಂಟರುಗಳನ್ನೇ ಮುಚ್ಚಿದರೆ ಎಲ್ಲರೂ ಜಾಲತಾಣಕ್ಕೆ ಬರುತ್ತಾರಲ್ಲವೇ?

ಅಂಕಿಗಳು ಏರುತ್ತವೆ, ಆದರೆ ಆ ಏರಿಕೆಯಿಂದ ಏನನ್ನೂ ಕಲಿಯಲಾಗುವುದಿಲ್ಲ. ಕಡ್ಡಾಯ ಬಳಕೆಯನ್ನೂ ಇಷ್ಟಪಟ್ಟ ಬಳಕೆಯನ್ನೂ ಒಂದೇ ಸಾಲಿನಲ್ಲಿ ಎಣಿಸಬಾರದು ಎಂಬ ಕಾರಣಕ್ಕೇ ವೆಂಕಟೇಶರ ಮಾದರಿ ಸ್ವ-ಇಚ್ಛೆಯನ್ನು ಪ್ರತ್ಯೇಕ ಅಂಶವಾಗಿ ಇಟ್ಟಿದೆ. ವ್ಯಾಪಾರಿಗಳ ತೆರಿಗೆ ವಿವರ, ಗುತ್ತಿಗೆದಾರರ ಟೆಂಡರ್ ಇಂಥವನ್ನು ಕಡ್ಡಾಯ ಮಾಡಬಹುದು. ಅವರಿಗೆ ಸಾಧನವೂ ಇದೆ, ಸಹಾಯಕರೂ ಇದ್ದಾರೆ. ಪಡಿತರ, ಪಿಂಚಣಿ, ಅಂಗವಿಕಲರ ವೇತನಗಳಲ್ಲಿ ಕೌಂಟರ್ ಮುಚ್ಚಿದರೆ ಅತ್ಯಂತ ಅಗತ್ಯವಿರುವವರೇ ಮೊದಲು ಉದುರಿಹೋಗುತ್ತಾರೆ, ಉದುರಿದವರ ಲೆಕ್ಕ ಯಾವ ಸರ್ವರಿನಲ್ಲೂ ಇರುವುದಿಲ್ಲ. ಕೀನ್ಯಾ 2013ರಿಂದ ತೆರೆದ ಹುಡುಮಾ ಕೇಂದ್ರಗಳಂತೆ, ಹಲವು ಇಲಾಖೆಗಳ ಕೌಂಟರುಗಳನ್ನು ಒಂದೇ ಸೂರಿನಡಿ ತಂದು ಜಾಲತಾಣದ ಪಕ್ಕದಲ್ಲೇ ಉಳಿಸಿಕೊಳ್ಳುವುದು ಹೆಚ್ಚು ಮಾನವೀಯವಾದ ದಾರಿ.

ನಮ್ಮ ಇಲಾಖೆಯಲ್ಲಿ ಹಣವೂ ಇಲ್ಲ, ಜನವೂ ಇಲ್ಲ. ಒಂದೇ ಒಂದು ಸುಧಾರಣೆ ಮಾಡಬಹುದಾದರೆ ಯಾವುದು?

ಅತಿ ಹೆಚ್ಚು ಅರ್ಜಿ ಬರುವ ಒಂದು ಸೇವೆಯನ್ನು ಆರಿಸಿಕೊಂಡು, ಅರ್ಜಿಯಿಂದ ಆದೇಶದವರೆಗೆ ಅರ್ಜಿದಾರರು ಎಷ್ಟು ಸಲ ಕಚೇರಿಗೆ ಬರಬೇಕಾಗಿದೆ ಎಂದು ಎಣಿಸಿ. ಪ್ರತಿ ಭೇಟಿಯ ಹಿಂದೆಯೂ ಒಂದು ನಿಯಮವೋ ಒಂದು ರೂಢಿಯೋ ಇರುತ್ತದೆ. ಮುದ್ರಿತ ಪ್ರತಿ ಬೇಕು ಎಂಬುದು ಬರಿಯ ರೂಢಿಯಾಗಿದ್ದರೆ ಒಂದು ಸುತ್ತೋಲೆಯಿಂದ ಅದನ್ನು ನಿಲ್ಲಿಸಬಹುದು. ನಿಮ್ಮದೇ ಇಲಾಖೆ ಹಿಂದೆ ಕೊಟ್ಟ ಪ್ರಮಾಣಪತ್ರದ ಪ್ರತಿಯನ್ನು ಮತ್ತೆ ಕೇಳುತ್ತಿದ್ದರೆ ಅದನ್ನೂ ನಿಲ್ಲಿಸಬಹುದು. ತಿರಸ್ಕರಿಸುವಾಗ ಕಾರಣ ಬರೆಯದೆ ಮುಂದಿನ ಪುಟಕ್ಕೆ ಹೋಗಲಾಗದಂತೆ ಸಿಬ್ಬಂದಿಯ ಪರದೆಯನ್ನು ಬದಲಿಸಿದರೆ, ವಿಚಾರಿಸಲು ಬರುವವರ ಸಾಲು ಕರಗತೊಡಗುತ್ತದೆ. ಹೊಸ ಜಾಲತಾಣದ ಟೆಂಡರ್ ಕರೆಯುವುದು ಈ ಎಣಿಕೆ ಮುಗಿದ ಮೇಲೆ.